ರೂಟರ್‌ನ ಫರ್ಮ್‌ವೇರ್: ಹಾಕುವುದು, ಬದಲಿಸುವುದು, ಕೆಟ್ಟರೆ ಎಬ್ಬಿಸುವುದು

ರೂಟರ್‌ನ ಒಳಗೆ ಓಡುವ ತಂತ್ರಾಂಶವೇ ಫರ್ಮ್‌ವೇರ್. ಕಂಪನಿ ಕೊಟ್ಟದ್ದರ ಬದಲು ಹಾಕಿಕೊಳ್ಳಬಹುದಾದ, ಲಿನಕ್ಸ್ ಆಧಾರಿತ ಮುಕ್ತ ಫರ್ಮ್‌ವೇರ್ ಓಪನ್‌ಡಬ್ಲ್ಯೂಆರ್‌ಟಿ. ರೂಟರ್‌ಗೆ ಅದನ್ನು ಹಾಕಬೇಕು ಅಂದುಕೊಂಡವರು ಮೊದಲು ಓದುವುದು ಅದನ್ನು ಹಾಕುವ ವಿಧಾನ. ಕೆಟ್ಟರೆ ಎಬ್ಬಿಸುವುದು ಹೇಗೆ ಅಂತ ಹುಡುಕುವುದು ಕೆಟ್ಟ ಮೇಲೆಯೇ. ಆಗ ನೋಡಿದರೆ ಮನೆಯಲ್ಲಿ ಇಂಟರ್ನೆಟ್ಟೇ ಇರುವುದಿಲ್ಲ! ಅದಕ್ಕೇ ಈ ಲೇಖನದಲ್ಲಿ ಗುಂಡಿ ಒತ್ತುವ ಮಾತು ತಡವಾಗಿ ಬರುತ್ತದೆ. ಮೊದಲು ರೂಟರ್‌ನ ಒಳಗಿರುವ ಸಣ್ಣ ಫ್ಲಾಶ್ ಚಿಪ್‌ನಲ್ಲಿ (ವಿದ್ಯುತ್ ಹೋದರೂ ಬರೆದದ್ದು ಅಳಿಯದ ಚಿಪ್) ಯಾವುದು ಎಲ್ಲಿ ಕೂತಿದೆ ಅಂತ ನೋಡೋಣ. ಅದು ಗೊತ್ತಾದರೆ ಹಾಕುವುದು, ಅಪ್‌ಡೇಟ್ ಮಾಡುವುದು, ಎಬ್ಬಿಸುವುದು ಮೂರೂ ಒಂದೇ ನಕ್ಷೆಯ ಮೇಲಿನ ಓಡಾಟ.

ಓಪನ್‌ಡಬ್ಲ್ಯೂಆರ್‌ಟಿ ಹುಟ್ಟಿದ ಕಥೆ ಚಿಕ್ಕದು. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ರೂಟರ್ 2002ರ ಕೊನೆಗೆ ಬಂತು. ಅದರೊಳಗೆ ಲಿನಕ್ಸ್ ಇದೆ ಅಂತ ಕೆಲವರು ಪತ್ತೆ ಮಾಡಿದರು. ಲಿನಕ್ಸ್ ಹಾಕಿದ ಸಾಧನ ಮಾರುವವರು ಜಿಪಿಎಲ್ ಪರವಾನಗಿಯ ಪ್ರಕಾರ ಸೋರ್ಸ್ ಕೋಡ್ ಕೊಡಬೇಕು. ಒತ್ತಡ ಹೆಚ್ಚಾಗಿ 2003ರಲ್ಲಿ ಕಂಪನಿ ಅದನ್ನು ಬಿಡುಗಡೆ ಮಾಡಿತು. ಆ ಕೋಡ್‌ನಿಂದ 2004ರಲ್ಲಿ ಈ ಯೋಜನೆ ಶುರುವಾಯಿತು. 2016ರಲ್ಲಿ ತಂಡ ಒಡೆದು ಒಂದು ಗುಂಪು ಎಲ್‌ಇಡಿಇ ಅಂತ ಬೇರೆ ಹೋಯಿತು, 2018ರಲ್ಲಿ ಮತ್ತೆ ಒಂದಾಯಿತು. ಇಂದು ಇದು ನೂರಾರು ಮಾದರಿಯ ರೂಟರ್‌ಗಳ ಮೇಲೆ ಓಡುತ್ತದೆ.

ಚಿಪ್‌ನೊಳಗೆ ಏನೇನಿದೆ

ಒಂದು ಸಾಧಾರಣ ರೂಟರ್‌ನಲ್ಲಿ 16 ಎಂಬಿ ಫ್ಲಾಶ್ ಇದೆ ಅಂದುಕೊಳ್ಳಿ. ಇಷ್ಟರಲ್ಲೇ ಎಲ್ಲವೂ ಹಿಡಿಸಬೇಕು. ಶುರುವಿನಲ್ಲಿ ಬೂಟ್‌ಲೋಡರ್ ಇರುತ್ತದೆ, ಸಾಮಾನ್ಯವಾಗಿ ಯು-ಬೂಟ್. ಕೆಲವು ನೂರು ಕೆಬಿಯ ಪುಟ್ಟ ಪ್ರೋಗ್ರಾಂ ಅದು. ವಿದ್ಯುತ್ ಬಂದ ತಕ್ಷಣ ಎದ್ದು, ಮೆಮೊರಿಯನ್ನು ಸಿದ್ಧ ಮಾಡಿ, ಕರ್ನಲ್ಲನ್ನು (ಲಿನಕ್ಸ್‌ನ ತಿರುಳು) ಎತ್ತಿ ಓಡಿಸುವುದು ಅದರ ಕೆಲಸ. ನಂತರದ ದೊಡ್ಡ ಭಾಗವೇ ಫರ್ಮ್‌ವೇರ್. ಅದರಲ್ಲಿ ಲಿನಕ್ಸ್ ಕರ್ನಲ್, ಫೈಲುಗಳ ವ್ಯವಸ್ಥೆ, ಕೊನೆಗೆ ಬರೆಯಲು ಬಿಟ್ಟ ಖಾಲಿ ಜಾಗ ಇರುತ್ತವೆ. ಇವೆಲ್ಲದರ ಹೊರಗೆ, ಚಿಪ್‌ನ ಕೊನೆಯಲ್ಲೋ ಬೂಟ್‌ಲೋಡರ್ ಪಕ್ಕದಲ್ಲೋ, ಇನ್ನೊಂದು ಪುಟ್ಟ ಭಾಗ ಇರುತ್ತದೆ. ಕೆಲವು ರೂಟರ್‌ಗಳಲ್ಲಿ ಅದರ ಹೆಸರು ಆರ್ಟ್, ಕೆಲವದರಲ್ಲಿ ಫ್ಯಾಕ್ಟರಿ.

ಈ ಪುಟ್ಟ ಭಾಗದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಆದರೆ ಇಡೀ ಚಿಪ್‌ನಲ್ಲಿ ಕಳೆದುಕೊಂಡರೆ ಮತ್ತೆ ಸಿಗದಿರುವುದು ಇದೊಂದೇ. ಕಾರ್ಖಾನೆಯಲ್ಲಿ ನಿಮ್ಮ ರೂಟರ್‌ನ ರೇಡಿಯೋವನ್ನು ಅಳೆದು, ತಿದ್ದಿ, ಆ ಅಂಕಿಗಳನ್ನು ಇಲ್ಲಿ ಬರೆದಿರುತ್ತಾರೆ. ಎಷ್ಟೋ ಮಾದರಿಗಳಲ್ಲಿ ಮ್ಯಾಕ್ ವಿಳಾಸವೂ (ನೆಟ್‌ವರ್ಕ್‌ನಲ್ಲಿ ಈ ಸಾಧನವನ್ನು ಗುರುತಿಸುವ ಸಂಖ್ಯೆ) ಇಲ್ಲೇ. ಪಕ್ಕದ ಪೆಟ್ಟಿಗೆಯಲ್ಲಿದ್ದ ಅದೇ ಮಾದರಿಯ ರೂಟರ್‌ನ ಅಂಕಿಗಳು ಬೇರೆ. ಫರ್ಮ್‌ವೇರ್ ಹಾಳಾದರೆ ಡೌನ್‌ಲೋಡ್ ಮಾಡಬಹುದು. ಇದನ್ನು ಎಲ್ಲಿಂದ ತರುತ್ತೀರಿ?

ಇನ್ನು ಫರ್ಮ್‌ವೇರ್ ಭಾಗ. ಇಲ್ಲಿ ಒಂದು ಜಾಣತನದ ಏರ್ಪಾಡಿದೆ. ಮೂಲ ಫೈಲುಗಳೆಲ್ಲ ಸ್ಕ್ವಾಶ್‌ಎಫ್‌ಎಸ್ ಅನ್ನುವ ರೂಪದಲ್ಲಿ ಗಟ್ಟಿಯಾಗಿ ಒತ್ತಿಟ್ಟಿರುತ್ತವೆ. ಅದನ್ನು ಓದಬಹುದು, ಬರೆಯಲು ಆಗದು. ಉಳಿದ ಖಾಲಿ ಜಾಗದಲ್ಲಿ ಬರೆಯಬಹುದಾದ ಇನ್ನೊಂದು ಪದರ ಇರುತ್ತದೆ. ಅದಕ್ಕೆ ಓವರ್‌ಲೇ ಅನ್ನುತ್ತಾರೆ. ಅಚ್ಚಾದ ಪುಟದ ಮೇಲೆ ಪಾರದರ್ಶಕ ಹಾಳೆ ಇಟ್ಟು, ಅದರ ಮೇಲೆ ಪೆನ್ನಿನಲ್ಲಿ ತಿದ್ದಿದ ಹಾಗೆ. ಮೇಲಿಂದ ನೋಡುವವರಿಗೆ ತಿದ್ದಿದ ಪುಟವೇ ಕಾಣುತ್ತದೆ. ಕೆಳಗಿನ ಅಚ್ಚು ಮಾತ್ರ ಹಾಗೇ ಇರುತ್ತದೆ. ನೀವು ಇಡುವ ಪಾಸ್‌ವರ್ಡ್, ವೈಫೈ ಹೆಸರು, ಆಮೇಲೆ ಹಾಕಿದ ಪ್ಯಾಕೇಜುಗಳು ಎಲ್ಲ ಮೇಲಿನ ಹಾಳೆಗೇ ಹೋಗುತ್ತವೆ.

ಇದರಿಂದ ಕೆಲವು ಒಗಟುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಫರ್ಮ್‌ವೇರ್ ಜೊತೆಗೇ ಬಂದ ಪ್ಯಾಕೇಜನ್ನು ಅಳಿಸಿದರೆ ಜಾಗ ಯಾಕೆ ಹೆಚ್ಚುವುದಿಲ್ಲ? ಅದು ಕೆಳಗಿನ ಅಚ್ಚಿನಲ್ಲಿದೆ. ಮೇಲಿನ ಹಾಳೆಯಲ್ಲಿ 'ಇದು ಇಲ್ಲ' ಅಂತ ಗುರುತು ಹಾಕಿದ್ದೀರಿ, ಅಷ್ಟೇ. ಫ್ಯಾಕ್ಟರಿ ರೀಸೆಟ್ ಯಾಕೆ ಅಷ್ಟು ಬೇಗ ಮುಗಿಯುತ್ತದೆ? ಮೇಲಿನ ಹಾಳೆಯನ್ನು ತೆಗೆದುಹಾಕಿದರೆ ಸಾಕು. ಹೊಸದಾಗಿ ಏನನ್ನೂ ಬರೆಯಬೇಕಿಲ್ಲ.

ಹಾಕುವ ಮುಂಚೆ, ಹಾಕುವಾಗ

ಮೊದಲ ಕೆಲಸ ರೂಟರನ್ನು ತಿರುಗಿಸಿ ಕೆಳಗಿನ ಚೀಟಿ ಓದುವುದು. ಮಾದರಿಯ ಹೆಸರಷ್ಟೇ ಸಾಲದು, ಹಾರ್ಡ್‌ವೇರ್ ವರ್ಷನ್ ಕೂಡ ಬೇಕು. ಒಂದೇ ಹೆಸರಿನಡಿ ಕಂಪನಿಗಳು ಪ್ರೊಸೆಸರನ್ನೇ ಬದಲಿಸಿ ಮಾರುತ್ತವೆ. ವರ್ಷನ್ 2ಕ್ಕೆ ಸರಿಹೊಂದುವ ಫೈಲು ವರ್ಷನ್ 5ಕ್ಕೆ ವಿಷ. ಓಪನ್‌ಡಬ್ಲ್ಯೂಆರ್‌ಟಿಯ ಜಾಲತಾಣದಲ್ಲಿ ಸಾಧನಗಳ ದೊಡ್ಡ ಪಟ್ಟಿ ಇದೆ. ನಿಮ್ಮ ಮಾದರಿ, ವರ್ಷನ್ ಎರಡೂ ಅಲ್ಲಿದ್ದರೆ ಮಾತ್ರ ಮುಂದೆ ಹೋಗಿ. ಇಲ್ಲದಿದ್ದರೆ 'ಹತ್ತಿರದ್ದು ನಡೆಯಬಹುದು' ಅನ್ನುವ ಆಸೆ ಬೇಡ.

ಜಾಗವನ್ನೂ ನೋಡಿ. 4 ಎಂಬಿ ಫ್ಲಾಶ್, 32 ಎಂಬಿ ರ‍್ಯಾಮ್ ಇರುವ ಹಳೆಯ ರೂಟರ್‌ಗಳ ಕಾಲ ಮುಗಿಯಿತು. 16 ಎಂಬಿ ಫ್ಲಾಶ್, 128 ಎಂಬಿ ರ‍್ಯಾಮ್ ಇದ್ದರೆ ನೆಮ್ಮದಿ. ವೈಫೈ ಚಿಪ್ ಯಾರದ್ದು ಅನ್ನುವುದೂ ಮುಖ್ಯ. ಮೀಡಿಯಾಟೆಕ್ ಮತ್ತು ಕ್ವಾಲ್ಕಾಮ್ ಅಥೆರಾಸ್ ಚಿಪ್‌ಗಳಿಗೆ ಒಳ್ಳೆಯ ಮುಕ್ತ ಡ್ರೈವರ್‌ಗಳಿವೆ. ಬ್ರಾಡ್‌ಕಾಮ್ ಆದರೆ ಎಷ್ಟೋ ಸಲ ರೂಟರ್ ಓಡುತ್ತದೆ, ವೈಫೈ ಮಾತ್ರ ಓಡುವುದಿಲ್ಲ. ವೈಫೈ ಇಲ್ಲದ ವೈಫೈ ರೂಟರ್ ಇಟ್ಟುಕೊಂಡು ಏನು ಮಾಡುವುದು, ಅಲ್ವಾ?

ಡೌನ್‌ಲೋಡ್ ಪುಟದಲ್ಲಿ ಒಂದೇ ಸಾಧನಕ್ಕೆ ಎರಡು ಮೂರು ಫೈಲುಗಳು ಕಾಣುತ್ತವೆ. ಫ್ಯಾಕ್ಟರಿ ಅನ್ನುವ ಫೈಲು (ಚಿಪ್‌ನ ಫ್ಯಾಕ್ಟರಿ ಭಾಗಕ್ಕೂ ಇದಕ್ಕೂ ಸಂಬಂಧವಿಲ್ಲ) ಕಂಪನಿಯ ಮೂಲ ಫರ್ಮ್‌ವೇರ್‌ನಿಂದ ಓಪನ್‌ಡಬ್ಲ್ಯೂಆರ್‌ಟಿಗೆ ದಾಟಲು. ಕಂಪನಿಯ ಅಪ್‌ಡೇಟ್ ಪುಟ ಒಪ್ಪುವಂಥ ತಲೆಬರಹ ಅದಕ್ಕೆ ಅಂಟಿಸಿರುತ್ತಾರೆ. ಸಿಸ್‌ಅಪ್‌ಗ್ರೇಡ್ ಅನ್ನುವುದು ಆಗಲೇ ಓಪನ್‌ಡಬ್ಲ್ಯೂಆರ್‌ಟಿ ಓಡುತ್ತಿರುವ ರೂಟರ್‌ಗೆ. ಕೆಲವು ಸಾಧನಗಳಿಗೆ ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಮೂರನೆಯದೂ ಇರುತ್ತದೆ. ಅದು ಪೂರ್ತಿ ರ‍್ಯಾಮ್‌ನಲ್ಲೇ ಓಡುವಂಥದ್ದು. ಬೂಟ್‌ಲೋಡರ್ ಅದನ್ನು ನೇರ ರ‍್ಯಾಮ್‌ಗೆ ಎತ್ತಿಕೊಂಡರೆ ಫ್ಲಾಶ್‌ಗೆ ಏನೂ ಬರೆದಂತಾಗುವುದಿಲ್ಲ. ಪರೀಕ್ಷೆಗೆ ಇದಕ್ಕಿಂತ ಕ್ಷೇಮವಾದ ದಾರಿ ಇಲ್ಲ. ವಿದ್ಯುತ್ ತೆಗೆದರೆ ಎಲ್ಲ ಮೊದಲಿನ ಹಾಗೆ.

ಕೆಲವು ಕಂಪನಿಗಳು ಸಹಿ ಇಲ್ಲದ ಫೈಲನ್ನು ತಮ್ಮ ಪುಟದಲ್ಲಿ ಒಪ್ಪುವುದೇ ಇಲ್ಲ. ಅಂಥ ಕಡೆ ಬೂಟ್‌ಲೋಡರ್ ಮೂಲಕವೇ ಹೋಗಬೇಕು. ಸಾಧನದ ಪುಟದಲ್ಲಿ ಅದರ ದಾರಿ ಬರೆದಿರುತ್ತದೆ.

ಡೌನ್‌ಲೋಡ್ ಆದ ಫೈಲಿನ ಶಾ-256 ಮೊತ್ತವನ್ನು (ಫೈಲು ಬದಲಾಗಿಲ್ಲ ಅಂತ ನೋಡಲು ಅದರಿಂದಲೇ ಲೆಕ್ಕ ಹಾಕುವ ಗುರುತು) ಜಾಲತಾಣದಲ್ಲಿ ಕೊಟ್ಟಿರುವುದರ ಜೊತೆ ಹೋಲಿಸಿ. ಎಸ್‌ಎಸ್‌ಎಚ್‌ಗೆ (ವೈರ್ ಮೂಲಕ ರೂಟರ್ ಒಳಗೆ ಹೋಗಿ ಆಜ್ಞೆ ಟೈಪ್ ಮಾಡುವ ದಾರಿ) ಬೇಕಾದ ಪ್ರೋಗ್ರಾಂ, ಕಂಪನಿಯ ಮೂಲ ಫರ್ಮ್‌ವೇರ್, ಸಾಧನದ ಪುಟದ ಪ್ರತಿ, ಎಲ್ಲವನ್ನೂ ಈಗಲೇ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ. ಆಮೇಲೆ ರೂಟರ್‌ನ ಲ್ಯಾನ್ ಪೋರ್ಟ್‌ಗೆ ವೈರ್ ಹಾಕಿ. ವೈಫೈ ಮೂಲಕ ಫರ್ಮ್‌ವೇರ್ ಬರೆಯುವ ಸಾಹಸ ಬೇಡ.

ಬರೆಯುವ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಒಂದೇ: ಸುಮ್ನೆ ಕೂರುವುದು. ದೀಪಗಳು ಮಿನುಗುತ್ತವೆ, ನಿಲ್ಲುತ್ತವೆ, ಮತ್ತೆ ಮಿನುಗುತ್ತವೆ. ಮೊದಲ ಸಲ ಎದ್ದಾಗ ಬರೆಯುವ ಪದರವನ್ನು ಹೊಸದಾಗಿ ಸಜ್ಜುಗೊಳಿಸಬೇಕಾದ್ದರಿಂದ ಇನ್ನೂ ತಡವಾಗುತ್ತದೆ. ಐದು ನಿಮಿಷ ಏನೂ ಆಗದಂತೆ ಕಂಡರೂ ವಿದ್ಯುತ್ ತೆಗೆಯಬೇಡಿ. ತಪ್ಪು ಫೈಲಿನಷ್ಟೇ ಅವಸರವೂ ರೂಟರ್‌ಗಳನ್ನು ಮಲಗಿಸುತ್ತದೆ.

ಎದ್ದ ಮೇಲೆ ಬ್ರೌಸರ್‌ನಲ್ಲಿ 192.168.1.1 ತೆರೆಯಿರಿ. ಬಳಕೆದಾರ ರೂಟ್, ಪಾಸ್‌ವರ್ಡ್ ಇಲ್ಲ. ವೈಫೈ ಬೇಕಂತಲೇ ಆಫ್ ಆಗಿರುತ್ತದೆ. ಪಾಸ್‌ವರ್ಡ್ ಇಲ್ಲದ ರೂಟರ್ ಗಾಳಿಯಲ್ಲಿ ತೆರೆದಿರಬಾರದು ಅಂತ. ಮೊದಲು ಪಾಸ್‌ವರ್ಡ್ ಇಡಿ, ಆಮೇಲೆ ವೈಫೈಗೆ ನಿಮ್ಮ ದೇಶವನ್ನು ಸರಿಯಾಗಿ ಆರಿಸಿ ಆನ್ ಮಾಡಿ. ಯಾವ ಚಾನೆಲ್, ಎಷ್ಟು ಶಕ್ತಿ ಅನ್ನುವುದು ದೇಶದ ನಿಯಮದ ಮೇಲೆ ನಿಂತಿದೆ. ಪುಟ ತೆರೆಯಲೇ ಇಲ್ಲ, ಪಿಂಗ್ ಮಾತ್ರ ಬರುತ್ತಿದೆ ಅಂದರೆ ಗಾಬರಿ ಬೇಡ. ನೀವು ಬಹುಶಃ ಸ್ನಾಪ್‌ಶಾಟ್ ಹಾಕಿದ್ದೀರಿ. ದಿನದಿನ ತಯಾರಾಗುವ ಆ ಆವೃತ್ತಿಗಳಲ್ಲಿ ಲುಸಿ ಎಂಬ ವೆಬ್ ಪುಟ ಸೇರಿರುವುದಿಲ್ಲ. ಎಸ್‌ಎಸ್‌ಎಚ್ ಮೂಲಕ ಹೋಗಿ ಹಾಕಿಕೊಳ್ಳಬೇಕು.

ಇನ್ನೊಂದು ಮಾಮೂಲಿ ತೊಡಕು: ಮುಂದಿರುವ ಮೋಡೆಮ್ ಕೂಡ 192.168.1 ಸಾಲಿನ ವಿಳಾಸವನ್ನೇ ಕೊಡುತ್ತಿದ್ದರೆ ಒಳಗೂ ಹೊರಗೂ ಒಂದೇ ವಿಳಾಸವಾಗಿ ಇಂಟರ್ನೆಟ್ ಬರುವುದಿಲ್ಲ. ರೂಟರ್‌ನ ಲ್ಯಾನ್ ವಿಳಾಸವನ್ನು 192.168.2.1 ಮಾಡಿದರೆ ಮುಗಿಯಿತು. ಲುಸಿಯಲ್ಲಿ ಇಂಥ ಬದಲಾವಣೆ ಮಾಡಿದಾಗ ಅದು 90 ಸೆಕೆಂಡ್ ಕಾಯುತ್ತದೆ. ನೀವು ಮತ್ತೆ ತಲುಪದಿದ್ದರೆ ಹಳೆಯ ಸೆಟ್ಟಿಂಗ್‌ಗೆ ತಾನೇ ಮರಳುತ್ತದೆ. ಹೀಗೆ ಮರಳಿದ್ದನ್ನು ನೋಡಿ 'ಸೇವ್ ಆಗುತ್ತಿಲ್ಲ' ಅಂತ ದೂರುವವರು ತುಂಬಾ ಜನ. ಆ ಅವಧಿಯೊಳಗೆ ಹೊಸ ವಿಳಾಸಕ್ಕೆ ಹೋಗಬೇಕು, ಇಲ್ಲವೇ ಪರೀಕ್ಷೆಯಿಲ್ಲದೆ ಜಾರಿ ಮಾಡುವ ಆಯ್ಕೆಯನ್ನು ಒತ್ತಬೇಕು.

ಇಷ್ಟಾದ ಮೇಲೆ ಬೇರೇನನ್ನೂ ಮಾಡುವ ಮುಂಚೆ ಲುಸಿಯ ಬ್ಯಾಕಪ್ ಪುಟಕ್ಕೆ ಹೋಗಿ. ಅಲ್ಲಿ ಎಂಟಿಡಿ ಭಾಗಗಳನ್ನು, ಅಂದರೆ ಫ್ಲಾಶ್ ಚಿಪ್‌ನ ಭಾಗಗಳನ್ನು, ಒಂದೊಂದಾಗಿ ಇಳಿಸಿಕೊಳ್ಳುವ ಅವಕಾಶ ಇದೆ. ಬೂಟ್‌ಲೋಡರ್ ಮತ್ತು ಆ ಆರ್ಟ್ ಅಥವಾ ಫ್ಯಾಕ್ಟರಿ ಭಾಗ, ಎರಡನ್ನಾದರೂ ಇಳಿಸಿ ರೂಟರ್‌ನ ಹೊರಗೆ ಎಲ್ಲಾದರೂ ಇಡಿ. ಆರ್ಟ್ ಭಾಗ ಸಾಮಾನ್ಯವಾಗಿ 64 ಕೆಬಿ ಅಷ್ಟೇ.

ಅಪ್‌ಡೇಟ್ ಅಂದರೆ ಪ್ಯಾಕೇಜುಗಳ ಅಪ್‌ಡೇಟ್ ಅಲ್ಲ

ಲಿನಕ್ಸ್ ಕಂಪ್ಯೂಟರ್ ಬಳಸಿ ರೂಢಿಯಿದ್ದವರು ಇಲ್ಲೇ ಎಡವುತ್ತಾರೆ. ಇರುವ ಪ್ಯಾಕೇಜುಗಳನ್ನೆಲ್ಲ ಒಂದೇ ಏಟಿಗೆ ಹೊಸದು ಮಾಡೋಣ ಅಂತ ಹೊರಡುತ್ತಾರೆ. ನಕ್ಷೆ ನೆನಪಿಸಿಕೊಳ್ಳಿ. ಹಳೆಯದು ಕೆಳಗಿನ ಅಚ್ಚಿನಲ್ಲಿ ಹಾಗೇ ಉಳಿಯುತ್ತದೆ, ಹೊಸದು ಓವರ್‌ಲೇಯಲ್ಲಿ ಕೂರುತ್ತದೆ. ಒಂದೇ ವಸ್ತುವಿಗೆ ಎರಡು ಜಾಗ ಖರ್ಚು. ಓವರ್‌ಲೇ ತುಂಬಿದರೆ ಸೆಟ್ಟಿಂಗ್ ಕೂಡ ಉಳಿಸಲು ಆಗದು. ಮೇಲಾಗಿ ಕರ್ನಲ್ ಹಳೆಯದೇ ಇರುತ್ತದೆ, ಆದರೆ ಕರ್ನಲ್ ಮಾಡ್ಯೂಲುಗಳು ತಮ್ಮ ಕರ್ನಲ್ ಬಿಟ್ಟು ಬೇರೆಯದರ ಜೊತೆ ಓಡುವುದಿಲ್ಲ. ಅದಕ್ಕೇ ಇಲ್ಲಿ ಅಪ್‌ಡೇಟ್ ಅಂದರೆ ಇಡೀ ಫರ್ಮ್‌ವೇರನ್ನು ಒಟ್ಟಿಗೆ ಬದಲಿಸುವುದು.

ಆ ಕೆಲಸವೇ ಸಿಸ್‌ಅಪ್‌ಗ್ರೇಡ್. ಅದು ನಡೆಯುವ ರೀತಿ ಸ್ವಾರಸ್ಯವಾಗಿದೆ. ಓಡುತ್ತಿರುವ ವ್ಯವಸ್ಥೆ ತನ್ನ ಕಾಲ ಕೆಳಗಿನ ನೆಲವನ್ನೇ ಬದಲಿಸಬೇಕು! ಹೊಸ ಫೈಲು ಮೊದಲು ರ‍್ಯಾಮ್‌ಗೆ ಬರುತ್ತದೆ. ಅದರೊಳಗೆ ಬರೆದಿರುವ ಸಾಧನದ ಹೆಸರು ಈ ರೂಟರ್‌ಗೆ ಹೊಂದುತ್ತದೆಯೇ ಅಂತ ಪರೀಕ್ಷೆ ನಡೆಯುತ್ತದೆ. ಉಳಿಸಬೇಕಾದ ಸೆಟ್ಟಿಂಗ್‌ಗಳನ್ನು ಒಂದು ಗಂಟಾಗಿ ಕಟ್ಟಲಾಗುತ್ತದೆ. ಓಡುತ್ತಿರುವ ಪ್ರೋಗ್ರಾಂಗಳನ್ನೆಲ್ಲ ನಿಲ್ಲಿಸಿ, ಬೇಕಾದ ಕೆಲವೇ ಸಲಕರಣೆಗಳೊಂದಿಗೆ ವ್ಯವಸ್ಥೆ ರ‍್ಯಾಮ್‌ಗೆ ಸರಿಯುತ್ತದೆ. ಅಲ್ಲಿ ನಿಂತು ಫ್ಲಾಶನ್ನು ಬರೆಯುತ್ತದೆ. ಮರುಪ್ರಾರಂಭದಲ್ಲಿ ಗಂಟು ಬಿಚ್ಚಿ ಸೆಟ್ಟಿಂಗ್‌ಗಳು ಜಾಗಕ್ಕೆ ಬರುತ್ತವೆ. ಕಡಿಮೆ ರ‍್ಯಾಮ್ ಇರುವ ರೂಟರ್‌ನಲ್ಲಿ ಮೊದಲ ಹೆಜ್ಜೆಯೇ ಸೋಲುವುದು ಇದಕ್ಕೇ: ಫೈಲು ಹಿಡಿಸುವಷ್ಟು ರ‍್ಯಾಮ್ ಇರುವುದಿಲ್ಲ.

ಸೆಟ್ಟಿಂಗ್ ಉಳಿಯುತ್ತದೆ ಅಂದರೆ ಎಲ್ಲವೂ ಉಳಿಯುತ್ತದೆ ಅಂತಲ್ಲ. ಪಾಸ್‌ವರ್ಡ್, ನೆಟ್‌ವರ್ಕ್, ವೈಫೈ, ಫೈರ್‌ವಾಲ್ ಉಳಿಯುತ್ತವೆ. ನೀವೇ ಬೇರೆಲ್ಲೋ ಬರೆದಿಟ್ಟ ಸ್ಕ್ರಿಪ್ಟ್ ಉಳಿಯಬೇಕಾದರೆ ಅದರ ದಾರಿಯನ್ನು ಉಳಿಸುವ ಪಟ್ಟಿಗೆ ಸೇರಿಸಿರಬೇಕು. ಆಮೇಲೆ ಹಾಕಿಕೊಂಡ ಪ್ಯಾಕೇಜುಗಳು ಉಳಿಯುವುದಿಲ್ಲ. ಅವುಗಳ ಸೆಟ್ಟಿಂಗ್ ಮಾತ್ರ ಉಳಿದು, ಅವು ಇಲ್ಲವಾಗಿ, ಇಂಟರ್ನೆಟ್ ಸಂಪರ್ಕವೇ ಅಂಥ ಒಂದು ಪ್ಯಾಕೇಜಿನ ಮೇಲೆ ನಿಂತಿದ್ದರೆ ಮತ್ತೆ ಡೌನ್‌ಲೋಡ್ ಮಾಡಲೂ ದಾರಿ ಇರುವುದಿಲ್ಲ. ಯುಎಸ್‌ಬಿ ಮೋಡೆಮ್ ಬಳಸುವವರು ಇದನ್ನು ಮರೆಯಬಾರದು.

ಇದಕ್ಕೆ ಒಳ್ಳೆಯ ಪರಿಹಾರ ಅಟೆಂಡೆಡ್ ಸಿಸ್‌ಅಪ್‌ಗ್ರೇಡ್. ನಿಮ್ಮ ಪ್ಯಾಕೇಜುಗಳ ಪಟ್ಟಿಯನ್ನು ಯೋಜನೆಯ ಸರ್ವರ್‌ಗೆ ಕಳಿಸಿ, ಅವೆಲ್ಲ ಸೇರಿದ ಫರ್ಮ್‌ವೇರನ್ನೇ ತಯಾರಿಸಿ ತರಿಸಿಕೊಳ್ಳುತ್ತದೆ. ಪ್ಯಾಕೇಜುಗಳು ಒತ್ತಿದ ಪದರಕ್ಕೇ ಸೇರುವುದರಿಂದ ಜಾಗವೂ ಉಳಿಯುತ್ತದೆ. 2024ರ ಡಿಸೆಂಬರ್‌ನಲ್ಲಿ ಈ ಸರ್ವರ್‌ನಲ್ಲಿ ಗಂಭೀರ ದೋಷ ಸಿಕ್ಕಿತ್ತು. ಶಾ-256 ಮೊತ್ತದ ಮೊದಲ 12 ಅಕ್ಷರಗಳನ್ನು ಮಾತ್ರ ಹೋಲಿಸುತ್ತಿದ್ದರಿಂದ, ಇನ್ನೊಂದು ದೋಷದ ಜೊತೆ ಸೇರಿಸಿ ಕೆಟ್ಟ ಫರ್ಮ್‌ವೇರ್ ತೂರಿಸುವ ಸಾಧ್ಯತೆ ಇತ್ತು. ತಂಡ ಗಂಟೆಗಳಲ್ಲೇ ಸರಿಪಡಿಸಿ, ವಿವರವನ್ನು ಬಹಿರಂಗವಾಗಿ ಹೇಳಿತು. ಮುಚ್ಚಿಡದೆ ಹೇಳಿದ್ದರಿಂದ ನನಗೆ ಈ ಸೇವೆಯ ಮೇಲೆ ನಂಬಿಕೆ ಜಾಸ್ತಿಯೇ ಆಯಿತು.

ಆವೃತ್ತಿಗಳನ್ನು ಹಾರಿಸುವ ಬಗ್ಗೆ ಒಂದು ಮಾತು. ಒಂದು ದೊಡ್ಡ ಆವೃತ್ತಿಯಿಂದ ಅದರ ಮುಂದಿನದಕ್ಕೆ ಸೆಟ್ಟಿಂಗ್ ಸಮೇತ ಹೋಗಬಹುದು. ಎರಡು ಮೂರು ಹಾರಿಸಿದರೆ ಸೆಟ್ಟಿಂಗ್ ಬಿಟ್ಟು ಹೊಸದಾಗಿ ಶುರು ಮಾಡುವುದೇ ಸರಿ. 21.02ರ ಹೊತ್ತಿಗೆ ಅನೇಕ ರೂಟರ್‌ಗಳಲ್ಲಿ ಪೋರ್ಟ್‌ಗಳನ್ನು ನಿರ್ವಹಿಸುವ ಪದ್ಧತಿಯೇ ಬದಲಾಗಿ ಡಿಎಸ್‌ಎ ಬಂತು. ಹಳೆಯ ಪೋರ್ಟ್ ಸೆಟ್ಟಿಂಗ್ ಅಲ್ಲಿ ಅರ್ಥವಾಗುವುದೇ ಇಲ್ಲ. ಆಗ ಸಿಸ್‌ಅಪ್‌ಗ್ರೇಡ್ 'ಇದು ಹೊಂದುವುದಿಲ್ಲ' ಅಂತ ತಡೆಯುತ್ತದೆ. ತಡೆದಾಗ ಕಾರಣ ಓದಿ. ಬಲವಂತದ ಗುರುತು ಹಾಕಿ ಮುಂದೆ ಹೋಗುವುದು ಸಾಧನದ ಪುಟ ಹಾಗೆ ಹೇಳಿದ್ದರೆ ಮಾತ್ರ.

ಏಳದಿದ್ದರೆ: ಕೆಟ್ಟದ್ದು ಯಾವ ಪದರ?

ರೂಟರ್ ಎದ್ದೇಳುವ ಕ್ರಮ ಹೀಗೆ: ಬೂಟ್‌ಲೋಡರ್, ಕರ್ನಲ್, ಒತ್ತಿದ ಪದರ, ಓವರ್‌ಲೇ, ಆಮೇಲೆ ನೆಟ್‌ವರ್ಕ್ ಮತ್ತು ವೈಫೈ. ಎಲ್ಲಿ ನಿಂತಿತು ಅನ್ನುವುದರ ಮೇಲೆ ಮದ್ದು.

ಫೈರ್‌ವಾಲ್ ತಪ್ಪಾಗಿ ನಿಮ್ಮನ್ನೇ ಹೊರಗೆ ಹಾಕಿದೆ, ಪಾಸ್‌ವರ್ಡ್ ಮರೆತಿದೆ, ಲ್ಯಾನ್ ವಿಳಾಸ ಎಡವಟ್ಟಾಗಿದೆ ಅಂದರೆ ಕೆಟ್ಟಿರುವುದು ಓವರ್‌ಲೇ ಮಾತ್ರ. ರೂಟರ್ ಪೂರ್ತಿ ಎದ್ದಿದ್ದರೆ ರೀಸೆಟ್ ಗುಂಡಿಯನ್ನು ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಬಿಡಿ, ಎಲ್ಲ ಹೊಸದಾಗುತ್ತದೆ. ಸೆಟ್ಟಿಂಗ್ ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಫೇಲ್‌ಸೇಫ್ ಇದೆ. ಕಂಪ್ಯೂಟರ್‌ಗೆ 192.168.1.2, ಮಾಸ್ಕ್ 255.255.255.0 ಅಂತ ಕೈಯಾರೆ ವಿಳಾಸ ಕೊಡಿ. ರೂಟರ್ ಆನ್ ಮಾಡಿ ದೀಪವನ್ನೇ ನೋಡುತ್ತಿರಿ. ಅದು ವೇಗವಾಗಿ ಮಿನುಗಲು ಶುರುವಾದ ಕೂಡಲೇ ಗುಂಡಿ ಒತ್ತಿ. ಮಿನುಗು ಇನ್ನೂ ವೇಗವಾದರೆ ಫೇಲ್‌ಸೇಫ್ ಸಿಕ್ಕಿತು. ಇದು ಓವರ್‌ಲೇ ಕೂಡಿಕೊಳ್ಳುವ ಮುಂಚಿನ ಕ್ಷಣ. ಹಾಗಾಗಿ ನಿಮ್ಮ ತಪ್ಪು ಸೆಟ್ಟಿಂಗ್ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎಸ್‌ಎಸ್‌ಎಚ್‌ನಲ್ಲಿ 192.168.1.1ಕ್ಕೆ ರೂಟ್ ಆಗಿ, ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಬಹುದು. ಮೌಂಟ್‌-ರೂಟ್ (mount_root) ಆಜ್ಞೆ ಕೊಟ್ಟರೆ ಓವರ್‌ಲೇ ಕೈಗೆ ಬರುತ್ತದೆ. ತಪ್ಪಿದ್ದನ್ನು ತಿದ್ದಿ. ಏನು ತಪ್ಪಾಗಿದೆ ಅಂತಲೇ ಗೊತ್ತಿಲ್ಲದಿದ್ದರೆ ಫಸ್ಟ್‌ಬೂಟ್ ಆಜ್ಞೆ ಓವರ್‌ಲೇಯನ್ನೇ ಅಳಿಸುತ್ತದೆ.

ಫೇಲ್‌ಸೇಫ್ ಕೂಡ ಸಿಗದಿದ್ದರೆ ಕರ್ನಲ್ ಅಥವಾ ಒತ್ತಿದ ಪದರ ಹಾಳಾಗಿದೆ ಅಂತ ಅರ್ಥ. ಈಗ ಬೂಟ್‌ಲೋಡರ್ ಮೊರೆ ಹೋಗಬೇಕು. ಇಲ್ಲಿ ಕಂಪನಿಗೊಂದು ದಾರಿ. ಡಿ-ಲಿಂಕ್‌ನ ಅನೇಕ ಮಾದರಿಗಳಲ್ಲಿ ರೀಸೆಟ್ ಒತ್ತಿ ಹಿಡಿದು ಆನ್ ಮಾಡಿದರೆ ಬೂಟ್‌ಲೋಡರ್‌ನದೇ ಪುಟ್ಟ ವೆಬ್ ಪುಟ ತೆರೆದುಕೊಳ್ಳುತ್ತದೆ. ಲಿಂಕ್‌ಸಿಸ್‌ನ ಕೆಲವು ಮಾದರಿಗಳಲ್ಲಿ ಎರಡು ಫರ್ಮ್‌ವೇರ್ ಅಕ್ಕಪಕ್ಕ ಇರುತ್ತವೆ. ಸತತ ಮೂರು ಸಲ ಬೂಟ್ ಅರ್ಧಕ್ಕೆ ನಿಂತರೆ ಅದು ಇನ್ನೊಂದಕ್ಕೆ ತಾನೇ ಹೊರಳುತ್ತದೆ. ನೆಟ್‌ಗಿಯರ್‌ಗೆ ಎನ್‌ಎಂಆರ್‌ಪಿಫ್ಲಾಶ್ ಅನ್ನುವ ಮುಕ್ತ ಸಲಕರಣೆ ಇದೆ.

ಟಿಪಿ-ಲಿಂಕ್‌ನ ಹಲವು ಮಾದರಿಗಳಲ್ಲಿ ಟಿಎಫ್‌ಟಿಪಿ, ಅಂದರೆ ನೆಟ್‌ವರ್ಕ್ ಮೇಲೆ ಫೈಲು ಸಾಗಿಸುವ ಸರಳ ವಿಧಾನ. ಇಲ್ಲಿ ರೂಟರ್ ಕೇಳುವವ, ಕಂಪ್ಯೂಟರ್ ಕೊಡುವವ. ಕಂಪ್ಯೂಟರ್‌ಗೆ 192.168.0.66 ವಿಳಾಸ ಕೊಟ್ಟು, ಟಿಎಫ್‌ಟಿಪಿ ಸರ್ವರ್ ಓಡಿಸಿ, ಆ ಮಾದರಿ ಕೇಳುವ ಹೆಸರನ್ನೇ ಫೈಲಿಗೆ ಇಡಬೇಕು. ಒಂದಕ್ಷರ ತಪ್ಪಿದರೂ ಅದು ತೆಗೆದುಕೊಳ್ಳುವುದಿಲ್ಲ. ಆಮೇಲೆ ರೀಸೆಟ್ ಒತ್ತಿ ಹಿಡಿದು ಆನ್ ಮಾಡುವುದು.

ಈ ಹಂತದಲ್ಲಿ ಜನ ಸೋಲುವುದು ರೂಟರ್‌ನಿಂದಲ್ಲ, ಕಂಪ್ಯೂಟರ್‌ನಿಂದ. ರೂಟರ್ ಆಫ್ ಆದಾಗ ಕಂಪ್ಯೂಟರ್‌ನ ಪೋರ್ಟ್ ಮಲಗುತ್ತದೆ, ಅದು ಎದ್ದು ಸಿದ್ಧವಾಗುವಷ್ಟರಲ್ಲಿ ಬೂಟ್‌ಲೋಡರ್ ಕೇಳಿ ಮುಗಿಸಿರುತ್ತದೆ. ಮಧ್ಯೆ ಒಂದು ಸಾದಾ ನೆಟ್‌ವರ್ಕ್ ಸ್ವಿಚ್ ಇಟ್ಟರೆ ಕಂಪ್ಯೂಟರ್‌ನ ಪೋರ್ಟ್ ಸದಾ ಎಚ್ಚರ. ಕಂಪ್ಯೂಟರ್‌ನ ಫೈರ್‌ವಾಲ್ ಮತ್ತು ವೈಫೈ ಎರಡನ್ನೂ ಆಫ್ ಮಾಡಿ. ವೈರ್‌ನಲ್ಲಿ ಓಡಾಡುವ ಮಾಹಿತಿಯನ್ನು ತೋರಿಸುವ ವೈರ್‌ಶಾರ್ಕ್ ತೆರೆದು ನೋಡುತ್ತಿದ್ದರೆ ಇನ್ನೂ ಒಳ್ಳೆಯದು. '192.168.0.66 ಯಾರು?' ಅಂತ ರೂಟರ್ ಕೇಳುವುದು ಕಣ್ಣಿಗೇ ಕಾಣುತ್ತದೆ. ಕೇಳುತ್ತಿದೆ ಅಂದರೆ ಬೂಟ್‌ಲೋಡರ್ ಜೀವಂತ, ಉಳಿದದ್ದು ತಾಳ್ಮೆಯ ವಿಷಯ.

ಕೇಳದಿದ್ದರೆ ಮುಚ್ಚಳ ತೆಗೆದು, ಬೂಟ್‌ಲೋಡರ್ ಜೊತೆ ನೇರ ಮಾತಾಡಲು ಇರುವ ಸೀರಿಯಲ್ ಪಿನ್‌ಗಳನ್ನು ಹುಡುಕಬೇಕು. ಸಾಮಾನ್ಯವಾಗಿ ನಾಲ್ಕು ಇರುತ್ತವೆ: ವಿದ್ಯುತ್, ಗ್ರೌಂಡ್, ಕಳಿಸುವುದು, ಪಡೆಯುವುದು. 3.3 ವೋಲ್ಟ್‌ನ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಬೇಕು. 5 ವೋಲ್ಟ್‌ನದು ಚಿಪ್ಪನ್ನೇ ಸುಡಬಹುದು. ವಿದ್ಯುತ್ ಪಿನ್ ಮುಟ್ಟಬೇಡಿ. ಗ್ರೌಂಡ್‌ಗೆ ಗ್ರೌಂಡ್, ಕಳಿಸುವುದಕ್ಕೆ ಪಡೆಯುವುದು, ಪಡೆಯುವುದಕ್ಕೆ ಕಳಿಸುವುದು. ವೇಗ ಹೆಚ್ಚಿನ ಕಡೆ 115200 ಬಾಡ್. ಈಗ ಬೂಟ್‌ಲೋಡರ್ ಏನು ಹೇಳುತ್ತಿದೆ ಅಂತ ಓದಬಹುದು, ತಡೆದು ನಿಲ್ಲಿಸಿ ಇನಿಟ್‌ರಾಮ್‌ಎಫ್‌ಎಸ್ ಫೈಲನ್ನು ರ‍್ಯಾಮ್‌ಗೆ ತರಿಸಬಹುದು. ಅಲ್ಲಿಂದ ಮಾಮೂಲಿ ಸಿಸ್‌ಅಪ್‌ಗ್ರೇಡ್.

2024ರ ನವೆಂಬರ್‌ನಲ್ಲಿ ಬಂದ ಓಪನ್‌ಡಬ್ಲ್ಯೂಆರ್‌ಟಿ ಒನ್ ರೂಟರನ್ನು ಈ ತಾಪತ್ರಯ ಗೊತ್ತಿದ್ದವರೇ ಯೋಚಿಸಿ ಮಾಡಿದ್ದಾರೆ. ದಿನದ ಬಳಕೆಗೆ 256 ಎಂಬಿಯ ನ್ಯಾಂಡ್ ಫ್ಲಾಶ್, ಎಬ್ಬಿಸುವುದಕ್ಕೆಂದೇ ಬೇರೆ 16 ಎಂಬಿಯ ನಾರ್ ಫ್ಲಾಶ್, ಯಾವುದರಿಂದ ಏಳಬೇಕು ಅಂತ ಆರಿಸಲು ಹೊರಗೇ ಒಂದು ಸ್ವಿಚ್. ಸೀರಿಯಲ್‌ಗೆ ಮುಚ್ಚಳ ತೆಗೆಯಬೇಕಿಲ್ಲ, ಯುಎಸ್‌ಬಿ-ಸಿ ವೈರ್ ಸಾಕು. ಉಳಿದ ರೂಟರ್‌ಗಳೂ ಹೀಗೆ ಇರಬಾರದೇ ಅನ್ನಿಸುತ್ತದೆ.

ಸೀರಿಯಲ್‌ನಲ್ಲೂ ಒಂದಕ್ಷರ ಬರದಿದ್ದರೆ, ವೈರಿಂಗ್ ಸರಿಯಿದೆ ಅಂತ ಖಾತ್ರಿಯಾದ ಮೇಲೆ, ಬೂಟ್‌ಲೋಡರ್ ಹೋಗಿದೆ ಅನ್ನಬಹುದು. ಎಂಟು ಕಾಲಿನ ನಾರ್ ಫ್ಲಾಶ್ ಆದರೆ ಇನ್ನೂ ದಾರಿ ಇದೆ. ಚಿಪ್‌ಗೆ ಕ್ಲಿಪ್ ಹಾಕಿ, ಸಿಎಚ್341ಎ ಥರದ ಪ್ರೋಗ್ರಾಮರ್ ಮತ್ತು ಫ್ಲಾಶ್‌ರಾಮ್ ತಂತ್ರಾಂಶದಿಂದ ನೇರವಾಗಿ ಬರೆಯುವುದು. ಆ ಪ್ರೋಗ್ರಾಮರ್‌ಗಳಲ್ಲಿ ಕೆಲವು 3.3 ವೋಲ್ಟ್ ಚಿಪ್‌ನ ಗೆರೆಗಳಿಗೂ 5 ವೋಲ್ಟ್ ಬಿಡುತ್ತವೆ, ಮೊದಲು ಮೀಟರ್ ಹಿಡಿದು ನೋಡಿ. ರೂಟರ್‌ನ ವಿದ್ಯುತ್ ವೈರ್ ಕಿತ್ತಿರಲಿ. ಬರೆಯುವ ಮುಂಚೆ ಚಿಪ್ಪನ್ನು ಎರಡು ಸಲ ಓದಿ, ಎರಡೂ ಪ್ರತಿ ಒಂದೇ ಇವೆಯೇ ಅಂತ ಹೋಲಿಸಿ. ಬೇರೆ ಬೇರೆ ಬಂದರೆ ಕ್ಲಿಪ್ ಸರಿ ಕೂತಿಲ್ಲ. ಹಾಳಾದ ಚಿಪ್‌ನಲ್ಲೂ ಆರ್ಟ್ ಭಾಗ ಚೆನ್ನಾಗಿರುವುದು ಎಷ್ಟೋ ಸಲ ಉಂಟು. ಹಾಗಾಗಿ ಇಡೀ ಚಿಪ್ ಅಳಿಸದೆ, ಬೂಟ್‌ಲೋಡರ್ ಇರುವ ಜಾಗಕ್ಕೆ ಮಾತ್ರ ನೀವು ಇಳಿಸಿಟ್ಟಿದ್ದ ಪ್ರತಿಯನ್ನು ಬರೆಯಿರಿ. ಅದೇ ಮಾದರಿಯ ಇನ್ನೊಬ್ಬರ ರೂಟರ್‌ನ ಪೂರ್ತಿ ಪ್ರತಿಯನ್ನು ಬರೆದರೂ ರೂಟರ್ ಏಳುತ್ತದೆ. ಆದರೆ ಮ್ಯಾಕ್ ವಿಳಾಸ ಅವರದ್ದಾಗಿರುತ್ತದೆ, ರೇಡಿಯೋ ಅಂಕಿಗಳೂ ಅವರವೇ, ವೈಫೈ ಮೊದಲಿನಷ್ಟು ದೂರ ಹೋಗದಿರಬಹುದು.